ಬೇಕಂತಲೇ ತಪ್ಪು

ನನ್ನ ಗಂಡ ಈಗ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವಳು ಬಿದ್ದು ಬಿದ್ದು ನಗುತ್ತಾಳೆ. ಧಾರವಾಡದ ಕಡೆಯ ಮಂದಿ, ಇಬ್ಬರೂ ಅರವತ್ತು ದಾಟಿದವರು, ಬಂಗಾಳದ ಡಮ್ ಡಮ್‌ನ ಒಂದು ಮೂರನೇ ಮಹಡಿಯಲ್ಲಿ ಕೂತು ಚಹಾ ಕುಡಿಯುತ್ತ ಇಂಗ್ಲಿಷಿನಲ್ಲಿ ಸಂಸಾರ ಮಾಡುವುದೆಂದರೆ ನಗುವಂಥದೇ. ಬೇರೆಯವರ ಮನೆಯ ಕಥೆಯಾಗಿದ್ದರೆ ನಾನೂ ನಗುತ್ತಿದ್ದೆ.

ಅವರು ರೈಲ್ವೆಯಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಮುಂದೆ ಹೋಗಬೇಕು ಎಂದು ದಿನವಿಡೀ ಫೋನಿನಲ್ಲಿ ಸ್ಟೇಷನ್ ಮಾಸ್ತರರಿಗೆ ಹೇಳುವ ಕೆಲಸ. ಅಲ್ಲಿ ಹಿಂದಿ, ಇಂಗ್ಲಿಷು, ನಡುನಡುವೆ ಬಂಗಾಳಿ. ಆಫೀಸಿನಲ್ಲಿ ಸರ್ ಸರ್ ಎನ್ನುತ್ತ ನುಂಗಿಕೊಂಡ ಸಿಟ್ಟೆಲ್ಲ ಮನೆಗೆ ಬಂದ ಮೇಲೆ ಕನ್ನಡದಲ್ಲಿ ಹೊರಗೆ ಬೀಳುತ್ತಿತ್ತು. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಸಮುದ್ರ ಸುರುವಿದೆಯಾ ಎಂದು ಕೇಳುತ್ತಿದ್ದರು. ನಾನೇನು ಬಾಯಿಗೆ ಬೀಗ ಹಾಕಿಕೊಂಡು ಕೂಡುವವಳಲ್ಲ. ಒಂದಕ್ಕೆ ಎರಡು ತಿರುಗಿ ಹೇಳುತ್ತಿದ್ದೆ. ಜಗಳ, ಸುದ್ದಿ, ನಗೆಚಾಟಿಕೆ, ಎಲ್ಲವೂ ಆ ಭಾಷೆಯಲ್ಲೇ. ವರ್ಷಕ್ಕೊಮ್ಮೆ ಇಲ್ಲಿಯೇ ಊರಿನ ಇನ್ನೊಂದು ತುದಿಯಲ್ಲಿ ಕನ್ನಡದವರು ಸೇರಿದಾಗ ಹೋಗಿ ಬಿಸಿಬೇಳೆ ಭಾತು ತಿಂದು ಬರುತ್ತಿದ್ದೆವು. ಅದನ್ನು ಬಿಟ್ಟರೆ ಈ ಊರಿನಲ್ಲಿ ಅವರ ಕನ್ನಡಕ್ಕೆ ಇದ್ದವಳು ನಾನು, ನನ್ನ ಕನ್ನಡಕ್ಕೆ ಇದ್ದವರು ಅವರು.

ಮಗಳಿದ್ದಾಳಲ್ಲ ಎನ್ನಬಹುದು. ಇದ್ದಾಳೆ. ಮದುವೆಯಾಗಿ ಇದೇ ಊರಿನ ಬಾಲಿಗಂಜ್‌ನಲ್ಲಿದ್ದಾಳೆ, ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಅವಳಿಗೆ ಕನ್ನಡ ಎಲ್ಲಾ ತಿಳಿಯುತ್ತದೆ. ಬಾಯಿ ಬಿಟ್ಟರೆ ಮಾತ್ರ ಕಷ್ಟ. ಬಂಗಾಳಿ ಮಕ್ಕಳ ಜೊತೆ ಆಡಿ ಬೆಳೆದವಳಿಗೆ ಬಂದ, ಬಂದಳು, ಬಂತು ಎಲ್ಲವೂ ಒಂದೇ. ಚಿಕ್ಕವಳಿದ್ದಾಗ ಕಿಟಕಿಯಿಂದ ಬಗ್ಗಿ ನೋಡಿ, ಅಪ್ಪಾ ಬಂತು, ಎಂದು ಕೂಗುತ್ತಿದ್ದಳು. ಇವರು ಮೆಟ್ಟಿಲು ಹತ್ತಿ ಬಂದು, ಹುಲ್ಲು ಹಾಕ್ರಿ ಹಂಗಾದ್ರ, ಎನ್ನುತ್ತಿದ್ದರು. ನಾವಿಬ್ಬರೂ ಎಷ್ಟು ನಕ್ಕೆವೆಂದರೆ ಅವಳು ದೊಡ್ಡವಳಾಗುತ್ತ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದನ್ನೇ ರೂಢಿ ಮಾಡಿಕೊಂಡಳು.

ಹೋದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಇವರ ಕೈಯಿಂದ ಬ್ರಷ್ ಜಾರಿ ಬಿತ್ತು. ಏನಾಯಿತೆಂದು ಕೇಳಿದರೆ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಆಸ್ಪತ್ರೆಯವರು ಜೀವ ಉಳಿಸಿ ಕೊಟ್ಟರು. ಬಲಗೈ ಸೋತಿತ್ತು, ಕಾಲು ಎಳೆಯುತ್ತಿತ್ತು. ಅದಕ್ಕೆಲ್ಲ ನಾನು ಗಟ್ಟಿಯಾಗಿಯೇ ಇದ್ದೆ. ಆದರೆ ಮನೆಗೆ ಬಂದ ಮೇಲೆ ಗೊತ್ತಾಯಿತು, ಅವರ ಹತ್ತಿರ ಒಂದೇ ಒಂದು ಮಾತು ಉಳಿದಿತ್ತು. ಹಲೋ. ನೀರು ಬೇಕಾದರೂ ಹಲೋ, ಬೆನ್ನು ನೋವಾದರೂ ಹಲೋ, ನಾನು ಅತ್ತರೂ ಹಲೋ. ಇಡೀ ಜೀವಮಾನ ಹಿಡಿದಿದ್ದ ಫೋನು ಕೊನೆಗೆ ಅಷ್ಟನ್ನು ಮಾತ್ರ ಬಿಟ್ಟುಕೊಟ್ಟಿತ್ತು. ಕೇಳಿದವರಿಗೆ ತಮಾಷೆ ಎನಿಸುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಕೇಳುತ್ತ ಇದ್ದವಳು ನಾನು.

ಮಾತು ಕಲಿಸುವುದಕ್ಕೆಂದು ಒಬ್ಬ ಹುಡುಗಿ ಬರತೊಡಗಿದಳು. ಸ್ಪೀಚ್ ಥೆರಪಿಸ್ಟ್ ಅಂತೆ. ಬಾರಾನಗರದಿಂದ ಆಟೋ ಹತ್ತಿ ಬರುತ್ತಿದ್ದಳು. ಬಂಗಾಳಿಯಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಎನ್ನುವ ಹಾಗೆ ನನ್ನನ್ನು ಕಾಕಿಮಾ ಎಂದು, ಅವರನ್ನು ಕಾಕು ಎಂದು ಕರೆಯುತ್ತಿದ್ದಳು. ಒಳ್ಳೆಯ ಹುಡುಗಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಯ್ಯುವುದಕ್ಕೆ ಯಾರಾದರೂ ಒಬ್ಬರು ಸಿಕ್ಕಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು, ಅವಳು ಅದಕ್ಕೂ ಆಸ್ಪದ ಕೊಡಲಿಲ್ಲ.

ಮೊದಲ ದಿನವೇ ಅವಳು, ಮನೆಯಲ್ಲಿ ಇಷ್ಟೊಂದು ಭಾಷೆ ಕಲಸಿದರೆ ಕಾಕುಗೆ ಕಷ್ಟ, ಸದ್ಯಕ್ಕೆ ಒಂದನ್ನೇ ಹಿಡಿಯೋಣ, ಎಂದಳು. ಯಾವುದು ಎಂದು ಕೇಳಿದಳು. ನಾನು ಯೋಚನೆಯನ್ನೇ ಮಾಡದೆ ಕನ್ನಡ ಎಂದೆ. ಅವಳ ಮುಖ ಸಣ್ಣಗಾಯಿತು. ತನಗೆ ಕನ್ನಡದ ಒಂದಕ್ಷರವೂ ಬಾರದು, ಬಂಗಾಳಿ, ಹಿಂದಿ, ಇಂಗ್ಲಿಷು ಮಾತ್ರ ಗೊತ್ತು, ಆದರೆ ಮಗಳು ಪಕ್ಕದಲ್ಲಿ ಕೂತರೆ ಹೇಗೆ ಕಲಿಸಬೇಕೆಂದು ತೋರಿಸಿಕೊಡಬಹುದು ಎಂದಳು. ನಾನು ಮಗಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಅಮ್ಮ, ನಾನು ಹೇಳೋ ಕನ್ನಡ ಪೂರಾ ತಪ್ಪಿರ್ತದ. ನೀವಿಬ್ಬರೂ ನಗ್ತಿತ್ತು. ಅದನ್ನ ಅಪ್ಪಾಗ ಹೆಂಗ ಕಲಿಸ್ಲಿ?"

ಹಾಗಾದರೆ ನಾನೇ ಕಲಿಸುತ್ತೇನೆ ಎಂದೆ. ಹುಡುಗಿ ಚಿತ್ರದ ಕಾರ್ಡುಗಳನ್ನು ಕೈಗೆ ಕೊಟ್ಟಳು. ಹುಡುಗ ಓಡುತ್ತಿರುವ ಚಿತ್ರ, ಹೆಂಗಸು ಅಡುಗೆ ಮಾಡುತ್ತಿರುವ ಚಿತ್ರ. ತೋರಿಸಿ ಸುಮ್ಮನಿರಬೇಕು, ಅವರು ಹೇಳುವ ತನಕ ಕಾಯಬೇಕು. ನನ್ನಿಂದ ಆಗಲಿಲ್ಲ. ಅವರ ತುಟಿ ಅಲುಗಿದೊಡನೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಅವರು ಏನೋ ಒಂದು ಸದ್ದು ಮಾಡಿದರೆ ಅದು ಮಾತೋ ಬರೀ ಉಸಿರೋ ಎಂದು ತಿಳಿಯಲು ಆ ಹುಡುಗಿ ನನ್ನ ಮುಖ ನೋಡುತ್ತಿದ್ದಳು. ನಾನು ಆಸೆಗೆ ಬಿದ್ದು, ಹೌದು, ಓಡ್ತಾನ ಅಂದರು, ಎನ್ನುತ್ತಿದ್ದೆ. ಅವರು ಅಂದಿರಲಿಲ್ಲ. ಹೀಗೆ ಸ್ವಲ್ಪ ದಿನ ನಡೆಯಿತು. ಒಮ್ಮೆ ಅವರು ಕಾರ್ಡು ದೂಡಿ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಅಲ್ಲೇ ಕೈಚೆಲ್ಲಿ ಕೂತೆ. ಮಾತಾಡುವುದು ಬೇರೆ, ಕಲಿಸುವುದು ಬೇರೆ. ಹಲೋ ಎನ್ನುವುದು ಹೇಗೂ ಇಂಗ್ಲಿಷೇ ಅಲ್ಲವೆ, ಅದೇ ಬಾಗಿಲಿನಿಂದ ಹೋಗೋಣ ಎಂದು ಹುಡುಗಿ ಮೆತ್ತಗೆ ಹೇಳಿದಳು. ಮಗಳು ಆಗಲಿ ಎಂದಳು. ನನ್ನನ್ನೂ ಕೇಳಿದರು. ಇಲ್ಲ ಎನ್ನಲು ನನ್ನ ಹತ್ತಿರ ಏನಿತ್ತು?

ಅಂದಿನಿಂದ ಮನೆಯಲ್ಲಿ ಕನ್ನಡ ಬಂದ್. ಕೆಲವು ತಿಂಗಳು ಮಾತ್ರ ಎಂದರು. ಕುಕ್ಕರು ಸೀಟಿ ಹೊಡೆಯದಿದ್ದರೆ ಅದಕ್ಕೂ ಕನ್ನಡದಲ್ಲಿ ಬಯ್ಯುವವಳು ನಾನು. ಬಾಯಿಗೆ ಬಟ್ಟೆ ತುರುಕಿಕೊಂಡು ತಿರುಗಿದಂತಾಯಿತು.

ನನ್ನ ಇಂಗ್ಲಿಷಿನ ಯೋಗ್ಯತೆಯನ್ನೂ ಹೇಳಬೇಕು. ಕನ್ನಡ ಶಾಲೆಯಲ್ಲಿ ಮ್ಯಾಟ್ರಿಕ್ ತನಕ ಓದಿದವಳು. ಇಲ್ಲಿಗೆ ಬಂದು ಮಾರ್ಕೆಟ್ಟಿನ ಹಿಂದಿ, ಪಕ್ಕದ ಮನೆಯ ಬಂಗಾಳಿ ಕಲಿತೆ, ಇಂಗ್ಲಿಷನ್ನು ಬ್ಯಾಂಕಿನವರಿಗೂ ಡಾಕ್ಟರರಿಗೂ ಬಿಟ್ಟುಕೊಟ್ಟಿದ್ದೆ. ಈಗ ಮಗಳು ತನ್ನ ಶಾಲೆಯ ನಾಲ್ಕನೇ ಕ್ಲಾಸಿನ ಗ್ರಾಮರ್ ಪುಸ್ತಕ ತಂದು ನಮ್ಮಿಬ್ಬರ ಮುಂದೆ ಇಟ್ಟಳು. ದ ಬಾಯ್ ರನ್ಸ್, ದ ಬಾಯ್ಸ್ ರನ್. ನಾನು ಬೆಪ್ಪಾಗಿ ನೋಡಿದೆ. ಹುಡುಗ ಒಬ್ಬನೇ ಇದ್ದರೆ ಓಡುವುದಕ್ಕೆ ಒಂದು ಬಾಲ. ಇಬ್ಬರಾದ ಕೂಡಲೇ ಆ ಬಾಲವನ್ನು ಅಲ್ಲಿಂದ ಕಿತ್ತು ಹುಡುಗರಿಗೆ ಅಂಟಿಸಬೇಕು. ಇದ್ಯಾವ ನ್ಯಾಯ ಎಂದು ಕೇಳಿದೆ. ನ್ಯಾಯ ಅಲ್ಲ ಅಮ್ಮ, ಗ್ರಾಮರ್, ಎಂದಳು ಮಗಳು.

ನೀರು ಬೇಕು ಎಂದು ಕೇಳಲಾಗದವರಿಗೆ ಇದೆಲ್ಲ ಯಾಕೆ ಎಂದು ನನಗೆ ಸಿಟ್ಟು ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಹುಡುಗಿಗೆ ಹಿಂದಿಯಲ್ಲಿ ಅದನ್ನೇ ಹೇಳಿದೆ, ಗಾದೆಯ ಕೈಕಾಲು ಮುರಿದು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಕಾಕುಗೆ ಈಗ ಬಿಡಿ ಬಿಡಿ ಪದ ಬರುತ್ತಿವೆ, ಟೀ, ಬೆಡ್, ಪೇನ್ ಅಂತ. ಆದರೆ ಯಾರು, ಏನು ಮಾಡುತ್ತಾರೆ ಎನ್ನುವ ಎರಡನ್ನು ಕಟ್ಟುವ ಗಂಟು ಅವರ ತಲೆಯಲ್ಲಿ ಸಡಿಲವಾಗಿದೆ. ಕರ್ತೃಪದ ಕ್ರಿಯಾಪದ ಹೊಂದಿಸುವುದನ್ನು ತಿಕ್ಕಿ ತಿಕ್ಕಿ ಕಲಿಸಿದರೆ ಗಂಟು ಬಿಗಿಯಾಗುತ್ತದೆ, ಆಗ ಪೂರ್ತಿ ವಾಕ್ಯ ಬರುತ್ತದೆ, ಎಂದಳು. ಅಂದ ಮೇಲೆ ಮಲ್ಲಿಗೆ ಹೂವೇ ಹಿಟ್ಟು ಎಂದಾಯಿತು. ನಾನು ಬಾಯಿ ಮುಚ್ಚಿಕೊಂಡು ಪುಸ್ತಕ ತೆರೆದೆ.

ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಬಾಲ್ಕನಿಯಲ್ಲಿ ಪಾಠ. ಕೆಳಗೆ ಮೀನಿನವನು ಕೂಗುತ್ತ ಹೋಗುತ್ತಿದ್ದ, ಲೋಕಲ್ ಗಾಡಿ ಹೋದಾಗಲೆಲ್ಲ ಇವರು ಅತ್ತ ತಲೆ ತಿರುಗಿಸುತ್ತಿದ್ದರು, ಮತ್ತೆ ಪುಸ್ತಕಕ್ಕೆ ಎಳೆದು ತರಬೇಕಿತ್ತು. ಶೀ ಕುಕ್, ಎನ್ನುತ್ತಿದ್ದರು. ನಾನು ಶೀ ಕುಕ್ಸ್ ಎನ್ನಬೇಕು. ದೇ ಗೋಸ್, ಎನ್ನುತ್ತಿದ್ದರು. ನನಗೇ ಸಂಶಯ ಬಂದು ಪುಸ್ತಕದ ಹಿಂದಿನ ಉತ್ತರ ನೋಡುತ್ತಿದ್ದೆ. ಕುರುಡರ ಕೈ ಹಿಡಿದು ಇನ್ನೊಬ್ಬ ಕುರುಡಿ ದಾರಿ ತೋರಿಸಿದ ಹಾಗೆ ನಮ್ಮ ಪಾಠ.

ಕದ್ದು ಕನ್ನಡ ಆಡಲಿಲ್ಲವೆ ಎಂದರೆ, ಆಡಿದೆ. ತಲೆಗೆ ಎಣ್ಣೆ ಹಚ್ಚುವಾಗ, ಅಂಗಿಯ ಗುಂಡಿ ಹಾಕುವಾಗ ಬಾಯಿ ಕೇಳುತ್ತಿರಲಿಲ್ಲ. ತಲೀ ಬಗ್ಗಸ್ರಿ ಎಂದುಬಿಡುತ್ತಿದ್ದೆ. ಒಮ್ಮೊಮ್ಮೆ ಅವರು ತಲೆ ಬಗ್ಗಿಸುತ್ತಿದ್ದರು. ನನಗೆ ಎದೆ ಉಬ್ಬುತ್ತಿತ್ತು. ಆಮೇಲೆ ನೆನಪಾಗುತ್ತಿತ್ತು, ಎಣ್ಣೆಯ ಬಾಟಲಿ ಕೈಯಲ್ಲಿ ಕಂಡರೂ ಬಗ್ಗಿಸುತ್ತಾರೆ. ಒಂದು ಸಲ ಧೈರ್ಯ ಮಾಡಿ ಒಂದು ಮಧ್ಯಾಹ್ನವಿಡೀ ಕನ್ನಡದಲ್ಲೇ ಮಾತಾಡಿದೆ. ತಂಗಿಯ ಮಗನಿಗೆ ಹೆಣ್ಣು ನೋಡಿದ ಸುದ್ದಿ, ಹುಬ್ಬಳ್ಳಿಯಿಂದ ಜೋಳದ ಹಿಟ್ಟು ಬಂದ ಸುದ್ದಿ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಮರುದಿನ ಹುಡುಗಿ ಬಂದಾಗ ಅಷ್ಟೂ ದಿನ ಕಲಿತದ್ದು ಮಾಯವಾಗಿತ್ತು. ಕೇಳಿದ್ದಕ್ಕೆಲ್ಲ ಮತ್ತೆ ಹಲೋ.

ಅದು ನನ್ನಿಂದ ಆಯಿತೋ, ಬಿಪಿಯಿಂದ ಆಯಿತೋ, ಹಿಂದಿನ ದಿನ ನಿದ್ದೆ ಸಾಲದೆ ಆಯಿತೋ, ಯಾರೂ ಹೇಳಲಾರರು. ಹುಡುಗಿ ಹೀಗೂ ಆಗುವುದುಂಟು ಎಂದಳು. ಮಗಳಿಗೆ ವಿಷಯ ತಿಳಿದು ಸಂಜೆ ಮೆಟ್ರೋ ಹಿಡಿದು ಓಡಿ ಬಂದಳು. ಬಯ್ಯಲಿಲ್ಲ. ಅಮ್ಮ ಪ್ಲೀಸ್, ಎಂದು ಕೈ ಹಿಡಿದುಕೊಂಡು ಅತ್ತಳು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅಲ್ಲಿ ನಿಂತಿದ್ದೆ. ಕನ್ನಡ ಆಡಿದರೆ ಅವರಿಗೆ ಬರುತ್ತಿರುವ ಮಾತೂ ಹೋಗಬಹುದು. ಆಡದಿದ್ದರೆ ನನಗೆ ಬೇಕಾದ ಮಾತು ಎಂದೂ ಬಾರದೆ ಹೋಗಬಹುದು. ಅವರ ತಲೆಯಲ್ಲಿ ಕನ್ನಡ ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡುವವರು ಗೊತ್ತಿದ್ದಾರೆಯೇ ಎಂದು ಹುಡುಗಿಯನ್ನು ಕೇಳಿದೆ. ಅವಳು ಅಲ್ಲಿ ಇಲ್ಲಿ ವಿಚಾರಿಸಿದಳು ಪಾಪ. ಈ ಊರಲ್ಲಿ ಅವಳಿಗೆ ಯಾರೂ ಸಿಗಲಿಲ್ಲ. ಆಮೇಲೆ ನಾನು ಎಣ್ಣೆ ಹಚ್ಚುವಾಗಲೂ ಬಾಯಿ ಬಿಡಲಿಲ್ಲ.

ಒಂದು ದಿನ ಚಹಾ ಕೊಡುತ್ತ, ಸುಡುತ್ತದೆ ಎಂದು ಹೇಳಬೇಕಾಗಿ, ದ ಟೀ ಆರ್ ಹಾಟ್, ಎಂದೆ. ಅದು ನನ್ನ ಸ್ವಂತ ತಪ್ಪು, ನಿಜವಾದ ತಪ್ಪು. ಇವರ ಎಡಗೈ ತೋರುಬೆರಳು ಮೇಲೆದ್ದಿತು.

"ನೋ. ಈಸ್. ದ ಟೀ ಈಸ್ ಹಾಟ್."

ಪೂರ್ತಿ ವಾಕ್ಯ. ತಲೆಯಿಂದ ಬಾಲದವರೆಗೆ, ಒಂದೂ ಬಿಡದೆ. ಪುಸ್ತಕವಿಲ್ಲ, ಕಾರ್ಡಿಲ್ಲ. ಮುಖದಲ್ಲಿ ಆ ಹಳೆಯ ಕಳೆ, ನನ್ನ ಪಲ್ಯದಲ್ಲಿ ಉಪ್ಪು ಕಂಡುಹಿಡಿದಾಗ ಬರುತ್ತಿತ್ತಲ್ಲ, ಅದು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಮಗಳಿಗೆ ಫೋನು ಮಾಡಿದೆ. ಹುಡುಗಿಗೆ ಹೇಳಿದಾಗ ಅವಳು ಚಪ್ಪಾಳೆ ತಟ್ಟಿದಳು. ಕಲಿಯುವುದಕ್ಕಿಂತ ತಿದ್ದುವುದು ಕಾಕುಗೆ ಸುಲಭವಾಗಿ ಬರುತ್ತಿದೆ, ಇಡೀ ಜೀವಮಾನ ಮಾಡಿದ್ದು ಅದೇ ಕೆಲಸವಲ್ಲವೆ, ಎಂದಳು. ಇನ್ನೊಬ್ಬರು ದಾರಿ ತಪ್ಪಿದರೆ ಇವರಿಗೆ ದಾರಿ ಕಾಣುತ್ತದೆ ಎಂದ ಹಾಗಾಯಿತು.

ಅಲ್ಲಿಂದ ನಾನು ಬೇಕಂತಲೇ ತಪ್ಪು ಮಾತಾಡತೊಡಗಿದೆ. ಮನೆಯಲ್ಲಿ ಒಬ್ಬ ದಡ್ಡ ವಿದ್ಯಾರ್ಥಿ ಬೇಕಾಗಿತ್ತು, ಆ ಕೆಲಸಕ್ಕೆ ನಾನು ಸೇರಿಕೊಂಡೆ. ದ ರೈಸ್ ಆರ್ ರೆಡಿ. ಯುವರ್ ಡಾಟರ್ ಕಮ್ ಟುಡೇ. ದ ಟ್ರೇನ್ಸ್ ಈಸ್ ಲೇಟ್. ಬೆರಳು ಏಳುತ್ತಿತ್ತು, ತಿದ್ದಿದ ವಾಕ್ಯ ಬರುತ್ತಿತ್ತು. ಮೊದಮೊದಲು ತಡವಾಗಿ, ಆಮೇಲೆ ಪಟಪಟನೆ. ತಪ್ಪು ಮಾಡುವುದು ಸುಲಭವೆಂದು ತಿಳಿಯಬೇಡಿ. ಒಂದೇ ತಪ್ಪನ್ನು ಎರಡು ಸಲ ಮಾಡಿದರೆ ಅವರಿಗೆ ಬೇಸರ ಬರುತ್ತಿತ್ತು, ಹೊಸದು ಬೇಕು. ಹೊಸ ತಪ್ಪು ಮಾಡಬೇಕಾದರೆ ಸರಿ ಯಾವುದೆಂದು ಮೊದಲು ನನಗೆ ಗೊತ್ತಿರಬೇಕು. ಬೆಂಡೆಕಾಯಿ ಹೆಚ್ಚುತ್ತ, ಬಟ್ಟೆ ಒಣಹಾಕುತ್ತ ಮನಸ್ಸಿನಲ್ಲೇ ಒಂದು ಸರಿಯಾದ ವಾಕ್ಯ ಕಟ್ಟಿ, ಆಮೇಲೆ ಅದನ್ನು ಕೆಡಿಸಿ ಇಟ್ಟುಕೊಳ್ಳುತ್ತಿದ್ದೆ. ನಾಲ್ಕನೇ ಕ್ಲಾಸಿನ ಪುಸ್ತಕ ಮುಗಿದು ಐದನೆಯದು ತರಿಸಿದೆವು. ಎವೆರಿಬಡಿ ಎಂದರೆ ಇಡೀ ಊರೇ ಆದರೂ ಅದಕ್ಕೆ ಒಂಟಿ ಕ್ರಿಯಾಪದ ಎನ್ನುವುದನ್ನೂ ಕಲಿತೆ. ಈ ವಯಸ್ಸಿನಲ್ಲಿ ನನಗೆ ಇಂಗ್ಲಿಷ್ ಬಂದದ್ದು ಹೀಗೆ, ಅದನ್ನು ಸರಿಯಾಗಿ ಬಳಸುವ ಹಾಗಿರಲಿಲ್ಲ ಅಷ್ಟೇ.

ಅವರು ಗೆಲುವಾದರು. ಬೆಳಿಗ್ಗೆ ಎದ್ದವರೇ ನನ್ನ ಬಾಯಿಗೆ ಕಾಯುತ್ತಿದ್ದರು. ನಾನು ಅಡುಗೆಮನೆಯಿಂದ ಹೊರಬಂದರೆ ಬೆರಳು ಅರ್ಧ ಎದ್ದೇ ಇರುತ್ತಿತ್ತು. ಆದರೆ ಒಂದನ್ನು ನಾನು ಗಮನಿಸತೊಡಗಿದ್ದೆ. ಅವರು ತಿದ್ದುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಮೈ ನೀಸ್ ಪೇನ್ಸ್ ಎಂದರೆ, ಮೈ ನೀಸ್ ಪೇನ್, ಎಂದು ತಿದ್ದಿ ಖುಷಿಯಾಗುತ್ತಿದ್ದರು. ಮಂಡಿ ಯಾಕೆ ನೋಯುತ್ತದೆ, ಎಣ್ಣೆ ಹಚ್ಚಿಕೋ ಎನ್ನುತ್ತಿರಲಿಲ್ಲ. ನಿಜಕ್ಕೂ ನೋಯುತ್ತಿತ್ತು.

ಮಗಳ ಜೊತೆ ಹಾಗಲ್ಲ. ಅವಳ ಇಂಗ್ಲಿಷಿನಲ್ಲಿ ತಪ್ಪೇ ಇಲ್ಲ, ತಿದ್ದುವುದಕ್ಕೆ ಏನೂ ಸಿಗದೆ ಅವರು ಅವಳ ಜೊತೆ ಸುಮ್ಮನೆ ಮಾತಾಡುತ್ತಿದ್ದರು. ಶಾಲೆಯ ಸುದ್ದಿ, ದುರ್ಗಾಪೂಜೆಯ ಗದ್ದಲ, ಮೆಟ್ರೋದಲ್ಲಿ ಜಾಗ ಸಿಗದ ಸುದ್ದಿ. ಸಣ್ಣ ಸಣ್ಣ ವಾಕ್ಯ, ಆದರೆ ಮಾತು. ಅವಳು ಹುಟ್ಟಿದಾಗಿನಿಂದ ಅಪ್ಪ ಮಗಳು ಇಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅವಳಿಗೆ ಅವಳ ಭಾಷೆಯ ಅಪ್ಪ ಸಿಕ್ಕಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ.

ನಾನೂ ತಪ್ಪಿಲ್ಲದೆ ಮಾತಾಡಿದರಾಯಿತಲ್ಲ ಎಂದು ಪ್ರಯತ್ನ ಪಟ್ಟೆ. ಸರಿಯಾದ ವಾಕ್ಯ ಹೇಳಿದರೆ ಅವರು ಕಾಯುತ್ತಿದ್ದರು. ತಪ್ಪು ಎಲ್ಲಿ ಎಂದು ಹುಡುಕುತ್ತಿದ್ದರು. ಸಿಗದಿದ್ದರೆ ಮುಖ ಬಾಡುತ್ತಿತ್ತು. ನನ್ನ ಕೈಲಿ ಆ ಮುಖ ನೋಡಲಾಗದೆ ಮುಂದಿನ ವಾಕ್ಯವನ್ನು ಕೆಡಿಸಿ ಕೊಡುತ್ತಿದ್ದೆ.

ಈ ಸಲದ ಪೂಜೆ ಮುಗಿದ ಮೇಲೆ ಹುಡುಗಿ ತನ್ನ ಕೆಲಸ ಮುಗಿಯಿತು ಎಂದಳು. ಕಾಕು ಈಗ ಡಾಕ್ಟರರಿಗೆ ನೋವು ಎಲ್ಲಿದೆ ಹೇಳುತ್ತಾರೆ, ಫೋನು ಎತ್ತುತ್ತಾರೆ, ಪೇಪರಿನ ತಲೆಬರಹ ಓದುತ್ತಾರೆ, ಇಷ್ಟಾಗುತ್ತದೆ ಎಂದು ತಾನೇ ಅಂದುಕೊಂಡಿರಲಿಲ್ಲ ಎಂದಳು. ಅವಳಿಗೆ ಪಾಯಸ ಮಾಡಿ ಹಾಕಿದೆ, ಸೀರೆ ಕೊಟ್ಟೆ. ಚಪ್ಪಲಿ ಹಾಕಿಕೊಳ್ಳುತ್ತ ಅವಳು ನನ್ನ ಕೈ ಹಿಡಿದು, ಕಾಕಿಮಾ, ಇನ್ನು ನೀವು ನಿಮ್ಮ ಭಾಷೆಯಲ್ಲಿ ಸ್ವಲ್ಪ ಸ್ವಲ್ಪ ಶುರು ಮಾಡಬಹುದು, ಎಂದಳು. ಬರುತ್ತದೆಯೆ ಎಂದು ಕೇಳಿದೆ. ಬರಬಹುದು ಎಂದಳು. ಸುಳ್ಳು ಹೇಳುವ ಹುಡುಗಿಯಲ್ಲ, ಅದಕ್ಕೇ ಬರುತ್ತದೆ ಎನ್ನಲಿಲ್ಲ.

ಅವಳನ್ನು ಕಳಿಸಿ ಬಂದು ಬಾಲ್ಕನಿಯಲ್ಲಿ ಅವರ ಎದುರಿಗೆ ಕೂತೆ. ಮಧ್ಯಾಹ್ನದ ಚಹಾದ ಹೊತ್ತು. ಏನು ಹೇಳಬೇಕೆಂದು ನಾನು ಮೊದಲೇ ಕಟ್ಟಿಟ್ಟುಕೊಂಡಿರಲಿಲ್ಲ. ಇಷ್ಟು ದಿನ ಬಾಯಿ ಕಟ್ಟಿಕೊಂಡವಳಿಗೆ ಜೋಳದ ಹಿಟ್ಟಿನ ಸುದ್ದಿಯೋ ತಂಗಿಯ ಸುದ್ದಿಯೋ ಬರಬೇಕಾಗಿತ್ತು. ಬಂದದ್ದು ಬೇರೆ.

"ರೀ, ನಿಮಗ ಹಿಂಗಾದಾಗಿಂದ ನಂಗ ಭಾಳ ಅಂಜಿಕಿ ಆಗೇದ. ನನ್ನ ಕೂಡ ಮಾತಾಡ್ರಿ."

ಅವರು ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. ತಲೆಯನ್ನು ಸ್ವಲ್ಪ ವಾಲಿಸಿ, ಪೂರ್ತಿ ಗಮನ ಕೊಟ್ಟು ಕೇಳಿದರು. ಅಷ್ಟು ಗಮನವಿಟ್ಟು ಅವರು ನನ್ನ ಮಾತು ಕೇಳಿದ್ದು ಬಹಳ ದಿನಗಳ ಮೇಲೆ. ತಿಳಿಯಿತು ಅವರಿಗೆ, ತಿಳಿಯಿತು, ಎಂದುಕೊಂಡೆ. ಆಮೇಲೆ ಅವರ ಎಡಗೈ ಬೆರಳು ಮೇಲೆದ್ದಿತು.

"ನೋ," ಎಂದರು. "ಅಗೇನ್. ಸ್ಲೋಲಿ."

ನಾನು ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ಅದೇ ಕನ್ನಡದಲ್ಲಿ. ಅವರ ಮುಖ ಅರಳಿತು. ಇಷ್ಟು ದೊಡ್ಡ ತಪ್ಪನ್ನು ನಾನು ಅವರಿಗೆ ಈವರೆಗೆ ತಂದುಕೊಟ್ಟಿರಲಿಲ್ಲ. ಎಲ್ಲಿಂದ ತಿದ್ದಲು ಶುರು ಮಾಡಬೇಕೆಂದೇ ತಿಳಿಯದೆ ನಗುತ್ತ, ಬೆರಳು ಆಡಿಸುತ್ತ, ನೋ, ನೋ, ಅಗೇನ್, ಎಂದರು. ಸಿಟ್ಟಿಲ್ಲ, ಬೇಸರವಿಲ್ಲ. ದಡ್ಡ ಮಗುವಿನ ಮೇಲೆ ಇರುವಂಥ ಪ್ರೀತಿ.

ನನಗೆ ಬೇರೆ ದಾರಿ ತೋಚಲಿಲ್ಲ. ಅವರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಐ ಆಮ್ ಅಫ್ರೇಡ್, ಎಂದೆ.

ಅವರು ಆ ವಾಕ್ಯವನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ನೋಡಿದರು. ಇನ್ನೊಮ್ಮೆ ನೋಡಿದರು. ನಗು ಸಣ್ಣಗಾಯಿತು.

"ಕರೆಕ್ಟ್," ಎಂದರು. ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಕಪ್ಪು ಎತ್ತಿಕೊಂಡರು.